ಬೆನ್ನಿಗೆ ಹಚ್ಚಿದ ಕಾಗದ

ನನ್ನ ಗಂಡ ಸಕ್ರಪ್ಪ ಕಳ್ಳನಲ್ಲ. ಇದನ್ನು ಮೊದಲು ಬರೆದುಬಿಡುತ್ತೇನೆ. ಉಳಿದದ್ದನ್ನು ಓದಿದರೆ ಓದಿ, ಬಿಟ್ಟರೆ ಬಿಡಿ.

ನಾನು ಗದಿಗೆವ್ವ. ಬೆಟಗೇರಿಯಲ್ಲಿ ಮನೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅವರು ಏಳನೆಯದಕ್ಕೆ ಬಿಟ್ಟರು. ಇಬ್ಬರೂ ಸೇರಿ ಮೂವತ್ತೆಂಟು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿದೆವು. ಅವರು ಹೊಲಿಯುತ್ತಿದ್ದರು. ನಾನು ಮೈದಾ ಅಂಟು ಕುದಿಸುತ್ತಿದ್ದೆ. ಹುಳ ಹತ್ತಬಾರದೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದೆ. ಹೊಲಿಗೆ ಮುಗಿದ ಮೇಲೆ ಪುಸ್ತಕದ ಬೆನ್ನಿಗೆ ಒಂದು ಕಾಗದದ ಪಟ್ಟಿ ಹಚ್ಚಬೇಕು. ಅದರ ಮೇಲೆ ಬಟ್ಟೆ ಎಳೆಯಬೇಕು. ಪಟ್ಟಿ ಒಳಗೇ ಮುಚ್ಚಿಹೋಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಪಟ್ಟಿ ಹಚ್ಚುವ ಕೆಲಸ ನನ್ನದಾಗಿತ್ತು.

ಗದಗಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಅವರಿಗೆ ಕಾಯಂ ಕೆಲಸವಿತ್ತು. ವಾರಕ್ಕೆ ಎರಡು ದಿನ ಹೋಗಿ, ಮೂಲೆಯಲ್ಲಿ ಚಾಪೆ ಹಾಸಿಕೊಂಡು ಹರಿದ ಪುಸ್ತಕಗಳನ್ನು ಹೊಲಿಯುತ್ತಿದ್ದರು. ಅಲ್ಲಿಗೆ ಸುನಿತಾ ಎಂಬ ಮೇಡಂ ಬಂದರು. ಹುಡುಗ ಹುಡುಗಿಯರನ್ನು ಕೂಡಿಸಿ ಅಂತರ್ಜಾಲದ ವಿಶ್ವಕೋಶಕ್ಕೆ ಕನ್ನಡದಲ್ಲಿ ಬರೆಸತೊಡಗಿದರು. ಒಬ್ಬೊಬ್ಬರು ಒಂದೊಂದು ಊರಿನ ಬಗ್ಗೆ ಬರೆಯಬೇಕು. ನಾಗಾವಿಯವನು ನಾಗಾವಿ, ಯಳವತ್ತಿಯವಳು ಯಳವತ್ತಿ. ಬರೆದ ಪ್ರತಿಯೊಂದು ಮಾತಿಗೂ ಅದು ಎಲ್ಲಿಂದ ಬಂತು ಎಂದು ಕೆಳಗೆ ತೋರಿಸಬೇಕು. ತೋರಿಸಿದ್ದು ನಂಬುವಂಥದ್ದಾಗಿರಬೇಕು. ಅಲ್ಲೇ ಹುಡುಗರು ಎಡವುತ್ತಿದ್ದರು. ಸಿಕ್ಕಿದ್ದೆಲ್ಲ ತರುತ್ತಿದ್ದರು.

ಮುಂಡರಗಿಯ ಸಿದ್ದರಾಮ ಒಂದು ದಪ್ಪ ಅಭಿನಂದನ ಪುಸ್ತಕವನ್ನು ಇವರ ಚಾಪೆಯ ಹತ್ತಿರ ತಂದನಂತೆ. ನಮ್ಮವರು ಮನೆಗೆ ಬಂದು ಅದನ್ನು ಹೇಳಿ ಹೇಳಿ ನಕ್ಕರು.

"ಕಾಕಾ, ಇದರಾಗ ನಮ್ಮೂರ ಅಧ್ಯಕ್ಷರ ಬಗ್ಗೆ ಎಂಟು ಪುಟ ಐತಿ. ಹಾಕ್ಲೇನು?"

"ಛಾಪಿಸಿದವ್ರು ಯಾರು ನೋಡು."

"ಅಧ್ಯಕ್ಷರ ಅಭಿಮಾನಿ ಬಳಗ."

"ಬರದವ್ರು?"

"ಅವರ ಅಳಿಯ."

"ಅಳಿಯ ಮಾವನ್ನ ಬೈದು ಬರೀತಾನೇನಪಾ? ಇಂಥಾ ಪುಸ್ತಕದಾಗ ಸತ್ತವ್ರು, ಬದುಕಿದವ್ರು ಎಲ್ಲಾರೂ ದೇವರ. ಖರೆ ಅಂದ್ರ ಕಡೀಕಿರೂ ಜಾಹೀರಾತು ಅಷ್ಟ. ಗೊಬ್ಬರದ ಅಂಗಡಿ ಬಸ್ ಸ್ಟ್ಯಾಂಡಿನ ಬಾಜೂಕ ಐತಿ ಅಂತ ಹಾಕಿರ್ತಾರ, ಹೋಗಿ ನೋಡಿದ್ರ ಇರತೈತಿ."

ಇನ್ನೊಬ್ಬ ಫೋನಿನಲ್ಲಿ ಬಂದ ಸಂದೇಶ ತೋರಿಸಿದ. ಇವರು ಫೋನನ್ನು ಹಿಂದೆ ಮುಂದೆ ತಿರುಗಿಸಿ, "ಇದಕ್ಕ ಬರದವ್ನ ಹೆಸರಿಲ್ಲ, ಛಾಪಿಸಿದ ಊರಿಲ್ಲ. ನಾಳಿ ಸುಳ್ಳಾತು ಅಂದ್ರ ಯಾರ ಮನಿಗೆ ಹೋಗಿ ಕೇಳ್ತಿ?" ಎಂದರು. ಲಗ್ನಪತ್ರಿಕೆ ತಂದವಳಿಗೆ, "ತಾರೀಖು ನಂಬು, ಹೆಸರಿನ ಮುಂದಿನ ಬಿರುದು ನಂಬಬ್ಯಾಡ" ಎಂದರು. ಏನಾದರೂ ಸಿಕ್ಕರೆ ಹುಡುಗರು ಮೇಡಂಗಿಂತ ಮೊದಲು ಮೂಲೆಯ ಚಾಪೆಗೆ ಬರುವಂತಾಯಿತು. ಮೇಡಂ ಕೂಡ ಬೇಡ ಅನ್ನಲಿಲ್ಲ. ಆ ವರ್ಷ ನಮ್ಮವರು ಹೊಸ ಅಂಗಿ ಹೊಲಿಸಿಕೊಂಡರು. ಕಾಲೇಜಿಗೆ ಹೋಗುವ ದಿನ ಮಾತ್ರ ಅದನ್ನು ಹಾಕುತ್ತಿದ್ದರು.

ಕಳಸಾಪುರದ ಕಾವೇರಿಗೆ ಲಕ್ಷ್ಮೇಶ್ವರದ ಒಂದು ಹಳೆಯ ವಾಚನಾಲಯದ ಬಗ್ಗೆ ಬರೆಯುವುದಿತ್ತು. ಅವಳ ಅಜ್ಜಿ ಆ ಊರಿನವಳು. ಹತ್ತಿ ಮಿಲ್ಲಿನ ಕೂಲಿಗಳು ಕೂಡಿ ಆ ವಾಚನಾಲಯ ಶುರುಮಾಡಿದರು, ರಹಮಾನಸಾಬ ಎಂಬುವನು ಓದು ಬಾರದವರಿಗೆ ದಿನಾ ಪತ್ರಿಕೆ ಓದಿ ಹೇಳುತ್ತಿದ್ದ, ಎಂದು ಅಜ್ಜಿ ಹೇಳಿದ್ದಳು.

"ನಿಮ್ಮ ಅಜ್ಜಿ ಸುಳ್ಳ ಹೇಳಂಗಿಲ್ಲ, ಖರೆ," ಎಂದರು ನಮ್ಮವರು. "ಆದ್ರ ಓದೂ ಮಂದಿ ನಿಮ್ಮ ಅಜ್ಜೀನ ಎಲ್ಲಿ ಹುಡಕ್ಕೋಂತ ಹೋಗ್ಯಾರು? ಕಾಗದ ತಾ."

ಹುಡುಗಿ ಮುಖ ಊದಿಸಿಕೊಂಡು ಹೋದಳು. ಎರಡು ವಾರ ಬಿಟ್ಟು ಅದೇ ಗ್ರಂಥಾಲಯದ ಕಪಾಟಿನಿಂದ ಒಂದು ಪುಸ್ತಕ ಹಿಡಿದು ಬಂದಳು. ಮೊದಲ ಪುಟದಲ್ಲಿ ೧೯೫೮ ಎಂದು ಅಚ್ಚಾಗಿತ್ತು. ಹಳದಿ ಹಾಳೆ, ಬಟ್ಟೆಯ ಬೆನ್ನು. ಆ ವಾಚನಾಲಯವನ್ನು ಕಟ್ಟಿಸಿದವರು ಉಳವಪ್ಪ ಸಾಹುಕಾರರ ಅಜ್ಜ ಎಂದು ಅದರಲ್ಲಿತ್ತು. ಕೂಲಿಗಳ ಮಾತಿಲ್ಲ, ರಹಮಾನಸಾಬನ ಹೆಸರಿಲ್ಲ.

ಉಳವಪ್ಪ ಲಕ್ಷ್ಮೇಶ್ವರದ ವ್ಯಾಪಾರಸ್ಥ. ಆ ಕಾಲೇಜಿನ ಆಡಳಿತ ಮಂಡಳಿಯ ಸದಸ್ಯ. ಪುಸ್ತಕವನ್ನು ಗ್ರಂಥಾಲಯಕ್ಕೆ ಕೊಟ್ಟವನೂ ಅವನೇ.

ನಮ್ಮವರು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿದರು.

"ಇದನ್ನ ಹಾಕಬ್ಯಾಡ ತಂಗಿ," ಎಂದರು. "ಇದು ನಾ ಹೊಲದದ್ದು."

ಅದು ನಿಜ. ನೋಟು ಬಂದಾದ ವರ್ಷ, ಚಳಿಗಾಲದಲ್ಲಿ, ಉಳವಪ್ಪ ಗಾಡಿಯಲ್ಲಿ ಬಿಡಿ ಹಾಳೆಗಳನ್ನು ಹೇರಿಕೊಂಡು ನಮ್ಮ ಮನೆಗೆ ಬಂದಿದ್ದ. "ಅಜ್ಜಾರ ಬಗ್ಗೆ ಹಿಂದ ಒಂದು ಪುಸ್ತಕ ಇತ್ತು, ಗೆದ್ದಲ ತಿಂತು. ಇದ್ದಂಗ ಮತ್ತ ಛಾಪಿಸೀನಿ. ಹಳೀ ಪದ್ಧತಿಲೆ ಹೊಲದು ಕೊಡು ಸಕ್ರಪ್ಪ, ನಿನ್ನಂಗ ಹೊಲಿಯಾವ್ರು ಈಗ ಯಾರದಾರ?" ಎಂದ. ಐವತ್ತು ಪ್ರತಿ. ಇವರು ಹಿಗ್ಗಿದರು. ಹಳೆಯ ಹೊಲಿಗೆ ಕೇಳುವವರೇ ಇರಲಿಲ್ಲ. ಮೊದಲ ಪುಟದ ಇಸವಿ ನೋಡಿದರು. ಇದ್ದಂಗೆ ಛಾಪಿಸಿದ್ದಾರೆ, ಹಳೆಯ ಇಸವಿಯೇ ಉಳಿದಿದೆ ಎಂದುಕೊಂಡರು. ಅಂಥ ಹಳೆಯ ಪುಸ್ತಕ ಇರಲೇ ಇಲ್ಲ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಹೊಸದನ್ನೇ ಹಳೆಯದೆಂದು ಗ್ರಂಥಾಲಯದಲ್ಲಿ ಇಟ್ಟದ್ದು ಕಂಡ ಮೇಲೆಯೇ ಅನುಮಾನ ಬಂತು.

ಕಾವೇರಿ ಹೋಗಿ ಮೇಡಂಗೆ ಹೇಳಿದಳು. ಮೇಡಂ ಹೋಗಿ ಉಳವಪ್ಪನನ್ನು ಕೇಳಿದರು. ಮರುದಿನವೇ ಅವನು ಬಂದ. ಕೈಯಲ್ಲಿ ತನ್ನ ಮನೆಯ ಗಾಜಿನ ಕಪಾಟಿನಲ್ಲಿಟ್ಟಿದ್ದ ಪ್ರತಿ.

"ಇದು ಅಜ್ಜಾರ ಕಾಲದ ಅಸಲ ಪುಸ್ತಕ. ಇಂಥಾದ್ದ ಒಂದು ನಾ ಇಲ್ಲಿಗೆ ಕೊಟ್ಟಿದ್ದೆ. ಅದನ್ನ ಇವ ಕದ್ದು ಮಾರಿ, ಹೊಸಾದ್ದು ಮಾಡಿ ಇಟ್ಟಾನ. ನಾ ಹೊಲದದ್ದು ಅಂತ ಇವನ ಬಾಯಿಲೆ ಇವನ ಹೇಳ್ಯಾನಲ್ಲ, ಮತ್ತೇನು ಸಾಕ್ಷಿ ಬೇಕು?"

"ಸಾವ್ಕಾರ್ರ, ನೀವ ಬಂದು ಕೊಟ್ಟೀರಿ..."

"ನಾ? ನಿನ್ನ ಮನಿಗೆ? ನಿನ್ನ ಮನಿ ಯಾವ ಓಣ್ಯಾಗ ಐತೋ ನನಗ ಗೊತ್ತಿಲ್ಲ."

ಮೇಡಂ ತಲೆ ತಗ್ಗಿಸಿದರು. ಮಂಡಳಿಯ ಸದಸ್ಯನ ಮಾತು ಒಂದು ಕಡೆ, ಚಾಪೆಯ ಮೇಲೆ ಕೂತವನ ಮಾತು ಇನ್ನೊಂದು ಕಡೆ. ಇವತ್ತಿನಿಂದ ಬರಬೇಡ ಎಂದರು ಅಲ್ಲಿಯವರು. ಹೊರಗೆ ಹೋಗುವಾಗ ಗೇಟಿನಲ್ಲಿ ಚೀಲ ನೋಡಬೇಕೆಂದು ಉಳವಪ್ಪ ಹಟ ಹಿಡಿದ. ಕಾವಲಿನ ಅಲ್ಲಾಸಾಬ ಇವರ ಜೊತೆ ಹದಿನೈದು ವರ್ಷ ಚಹಾ ಕುಡಿದವನು. ಅವನ ಕೈಯಿಂದಲೇ ಮಾಡಿಸಿದರು. ಸೂಜಿಯ ಡಬ್ಬಿ ತೆಗೆಸಿದರು. ದಾರದ ಉಂಡೆ, ಮೇಣದ ತುಂಡು, ಬಿದಿರಿನ ಪಟ್ಟಿ. ಕೊನೆಗೆ ಬುತ್ತಿ. ನಾನು ಕಟ್ಟಿದ ಗಂಟು ಬಿಚ್ಚಿಸಿ, ರೊಟ್ಟಿ ಎತ್ತಿಸಿ ಅಡಿಗೆ ನೋಡಿದರು. ಹುಡುಗರು ಸಾಲಾಗಿ ನಿಂತು ನೋಡಿದರು.

ಆ ದಿನ ಬುತ್ತಿ ಹಾಗೆಯೇ ಮನೆಗೆ ಬಂತು. "ರೊಟ್ಟಿ ಎತ್ತಿ ನೋಡಿದ್ರಲೇ," ಎಂದರು ನನಗೆ. ಮತ್ತೆ ಆ ಮಾತು ಆಡಲಿಲ್ಲ. ಗೋಡೆಗೆ ಮುಖ ಮಾಡಿ ಮಲಗತೊಡಗಿದರು. ಬಂದ ಕೆಲಸಗಳನ್ನು ವಾಪಸು ಕಳಿಸಿದರು. ನಾಲ್ಕನೆಯ ತಿಂಗಳು, ಬೆಳಿಗ್ಗೆ ಮುಖ ತೊಳೆಯಲು ಹೋದವರು ಬಚ್ಚಲಲ್ಲೇ ಕುಸಿದರು. ಹೃದಯ ನಿಂತಿತು ಎಂದರು ಡಾಕ್ಟರು. ನಿಲ್ಲಿಸಿದವನ ಹೆಸರು ನನಗೆ ಗೊತ್ತಿತ್ತು.

ಮಣ್ಣಿಗೆ ಕಾಲೇಜಿನಿಂದ ಬಂದವನು ಅಲ್ಲಾಸಾಬ ಒಬ್ಬನೇ. ದೂರ ನಿಂತಿದ್ದ. ನಾನು ಕರೆಯಲಿಲ್ಲ.

ತಿಂಗಳ ಮೇಲೆ ಕಾವೇರಿ ಬಂದಳು. ಬಾಗಿಲಲ್ಲೇ ನಿಂತಳು.

"ಕಾಕು, ನಾ ತಪ್ಪ ಮಾಡೀನಿ. ಮೇಡಂ ಹೇಳಿದ್ರಂತ ಸಾವ್ಕಾರ್ರ ಪುಸ್ತಕದ ಹೆಸರು ಹಾಕಿ ಬರದೆ. ಈಗ ಅವರು ಆ ಪುಟಾನ ದೊಡ್ಡದು ಮಾಡಿ ಛಾಪಿಸಿ, ಕಟ್ಟು ಹಾಕ್ಸಿ ವಾಚನಾಲಯದಾಗ ತೂಗ ಬಿಟ್ಟಾರ. ಲೋಕಾನ ಹೇಳತೈತಿ ನೋಡ್ರಿ ಅಂತಾರ."

"ಮಣ್ಣಿಗೆ ಬರಲಿಲ್ಲ. ಈಗ ಯಾಕ ಬಂದಿ?"

ಅತ್ತಳು. ಅಳಲಿ ಎಂದು ಬಿಟ್ಟೆ. ಸಾಕಾದ ಮೇಲೆ ಒಳಗೆ ಕರೆದೆ.

"ಬರದಾಕಿ ನೀನ. ತಗದು ಹಾಕು."

"ತಗದ್ರ ಮತ್ತ ಹಾಕ್ತಾರ್ರಿ. ಪುಸ್ತಕ ಸುಳ್ಳು ಅನ್ನಾಕ ಗುರುತು ಬೇಕು."

"ನಾ ಹೇಳ್ತೀನಿ. ನನ್ನ ಕಣ್ಣಮುಂದ ಹೊಲದಾರ."

"ನೀವು ಅವರ ಹೇಣ್ತಿ, ಕಾಕು. ನಿಮ್ಮ ಮಾತು ನಡಿಯಂಗಿಲ್ಲ. ಅಳಿಯ ಬರದದ್ದು ಬ್ಯಾಡ ಅಂತ ಕಾಕಾನ ಹೇಳಿದ್ರಲ್ಲ. ಹೇಣ್ತಿ ಹೇಳಿದ್ದೂ ಅದ ಲೆಕ್ಕ."

ಕೆನ್ನೆಗೆ ಬಾರಿಸಬೇಕೆನ್ನಿಸಿತು. ಆದರೆ ಅದು ಅವರದೇ ಮಾತು. ಅವರ ಬಾಯಿಯಿಂದ ಬಂದು, ಇವಳ ಬಾಯಿಯಿಂದ ನನಗೆ ತಿರುಗಿ ತಟ್ಟಿತು.

"ಆ ಕೆಲಸದ್ದು ಏನರ ಉಳದೈತೇನ್ರಿ ಮನ್ಯಾಗ? ಒಂದು ಹಾಳಿ, ಚೀಟಿ?"

ಮೂಲೆಯಲ್ಲಿ ಅಂಟಿನ ಪಾತ್ರೆ ಒಣಗಿ ಕೂತಿತ್ತು. ಅದನ್ನು ನೋಡಿದೆ. ಆಗ ನೆನಪಾಯಿತು.

ಆ ಐವತ್ತು ಪ್ರತಿಗಳಿಗೆ ಒಳಗೂ ಬಿಳಿ ಹಾಳೆಯನ್ನೇ ಹಚ್ಚು ಎಂದು ಅವರು ನನಗೆ ಹೇಳಿದ್ದರು. ಸಾಹುಕಾರರ ಪುಸ್ತಕ, ಕಾಣದ ಜಾಗವೂ ಚೊಕ್ಕ ಇರಲಿ ಎಂದು. ಹೇಳಿ ದಾರ ತರಲು ಗದಗಿಗೆ ಹೋದರು. ಇಪ್ಪತ್ತಕ್ಕೆ ಬಿಳಿ ಹಾಳೆ ಮುಗಿಯಿತು. ಅಂಟು ಆರುತ್ತಿತ್ತು. ಮನೆಯಲ್ಲಿದ್ದ ಆ ವಾರದ ಪತ್ರಿಕೆಗಳನ್ನು ಹರಿದು ಉಳಿದ ಮೂವತ್ತಕ್ಕೆ ಹಚ್ಚಿದೆ. ಅವರು ಬರುವಷ್ಟರಲ್ಲಿ ಮೇಲೆ ಬಟ್ಟೆ ಎಳೆದಿದ್ದೆ. ಬೈಯುತ್ತಾರೆ ಎಂದು ಹೇಳಲಿಲ್ಲ. ಯಾರು ನೋಡುತ್ತಾರೆ ಎಂದುಕೊಂಡೆ. ಎಷ್ಟು ಚೆನ್ನಾಗಿ ಮುಚ್ಚಿದೆನೆಂದರೆ ನಾನೇ ಮರೆತೆ. ಅವರು ಗೋಡೆಗೆ ಮುಖ ಮಾಡಿ ಮಲಗಿದ ನಾಲ್ಕು ತಿಂಗಳಲ್ಲಿ ಒಂದು ದಿನವೂ ನೆನಪಾಗಲಿಲ್ಲ. ಆಗಿದ್ದರೆ ಅವರು ಬದುಕುತ್ತಿದ್ದರೋ ಏನೋ. ಆ ಲೆಕ್ಕ ನನ್ನದು. ಅದನ್ನು ಉಳವಪ್ಪನ ತಲೆಗೆ ಕಟ್ಟುವುದಿಲ್ಲ. ಅವನಿಗೆ ಅವನದೇ ಸಾಕಷ್ಟಿದೆ.

ಕಾವೇರಿಗೆ ಹೇಳಿದೆ. ಅವಳ ಕಣ್ಣೀರು ನಿಂತಿತು.

"ಗ್ರಂಥಾಲಯದ ಪ್ರತಿ ಬಿಚ್ಚಿದ್ರ ಉಪಯೋಗಿಲ್ಲ, ಕಾಕು. ಅದು ನಿಮ್ಮ ಗಂಡ ಮಾಡಿಟ್ಟಿದ್ದು ಅಂತ ಆಗ್ಲೇ ಅಂದಾರ. ಅಸಲ ಅಂತ ಹೇಳ್ಯಾರಲ್ಲ, ಗಾಜಿನ ಕಪಾಟಿಂದು, ಅದನ್ನ ಬಿಚ್ಚಬೇಕು. ಅವರ ಕೈಲೆ ತಂದಿರಬೇಕು. ನಾಕು ಮಂದಿ ನೋಡಬೇಕು."

"ತರಸ್ತೀನಿ."

"ಇನ್ನೊಂದ್ರಿ. ಬಿಚ್ಚಿದ್ರ ಆ ಸುಳ್ಳ ಪುಸ್ತಕ ನಿಮ್ಮ ಮನ್ಯಾಗ ತಯಾರಾತು ಅಂತ ಎಲ್ಲಾರಿಗೂ ಗೊತ್ತಾಗತೈತಿ. ಕಾಕಾಗ ಅದೊಂದು ಹೆಸರು ಬರತೈತಿ."

ಅದನ್ನು ನಾನು ಮೂರು ದಿನ ಯೋಚಿಸಿದೆ. ಕಳ್ಳ ಎಂಬ ಹೆಸರು ಸುಳ್ಳು. ಹೊಲಿದವ ಎಂಬುದು ನಿಜ. ನಿಜವಾದದ್ದನ್ನು ಅವರು ತಾವೇ ಬಾಯಿಬಿಟ್ಟು ಹೇಳಿದ್ದರು. ಇನ್ನು ಬಿಳಿ ಹಾಳೆಯ ಇಪ್ಪತ್ತರಲ್ಲಿ ಉಳವಪ್ಪನ ಪ್ರತಿಯೂ ಒಂದಾಗಿದ್ದರೆ? ಆಗ ನಾನು ಸಾಹುಕಾರನ ಪುಸ್ತಕ ಹರಿದ ಹುಚ್ಚಿ, ಅವರು ಸತ್ತ ಮೇಲೂ ಕಳ್ಳ. ಆಗಲಿ ಎಂದುಕೊಂಡೆ.

ಅಲ್ಲಾಸಾಬನ ಕೈಯಲ್ಲಿ ಉಳವಪ್ಪನಿಗೆ ಹೇಳಿ ಕಳಿಸಿದೆ: ನನ್ನ ಗಂಡ ಕದ್ದ ಪುಸ್ತಕ ಮನೆಯಲ್ಲಿ ಸಿಕ್ಕಿದೆ, ಗ್ರಂಥಾಲಯದಲ್ಲಿ ಎಲ್ಲರೆದುರು ಒಪ್ಪಿಸುತ್ತೇನೆ, ಹೋಲಿಸಿ ನೋಡಲು ನಿಮ್ಮ ಪ್ರತಿ ತನ್ನಿರಿ.

ಇಲ್ಲದ ಪುಸ್ತಕ ಹೇಗೆ ಸಿಕ್ಕಿತು ಎಂದು ಅವನು ಕೇಳುವಂತಿರಲಿಲ್ಲ. ಕಳುವಾಗಿದೆ ಎಂದವನೇ ಅವನು. ಹೆದರಿದ ಮುದುಕಿ ಏನೋ ಒಂದು ತಂದು ಕಾಲಿಗೆ ಬೀಳುತ್ತಾಳೆ ಎಂದುಕೊಂಡಿರಬೇಕು. ನೋಡಲಿ ಎಂದು ಮಂಡಳಿಯ ಮೂವರು ಹಿರಿಯರನ್ನೂ ಕರೆದುಕೊಂಡು ಬಂದ.

ಬೆಳಿಗ್ಗೆ ಹನ್ನೊಂದು ಗಂಟೆ. ದೊಡ್ಡ ಮೇಜಿನ ಒಂದು ಬದಿಗೆ ಅವರು, ಇನ್ನೊಂದು ಬದಿಗೆ ಸುನಿತಾ ಮೇಡಂ, ಕಾವೇರಿ, ಸಿದ್ದರಾಮ, ಉಳಿದ ಹುಡುಗರು. ಮೂಲೆಯಲ್ಲಿ ಚಾಪೆ ಹಾಸುತ್ತಿದ್ದ ಜಾಗ ಖಾಲಿ ಇತ್ತು. ನಾನು ಆ ಕಡೆ ನೋಡಲಿಲ್ಲ.

"ತಂದಿಯೇನಬೇ?" ಎಂದ ಉಳವಪ್ಪ.

"ತಂದೀನ್ರಿ. ನಿಮ್ಮದು ತೋರ್ಸ್ರಿ. ಮೊದಲ ಅದನ್ನ ಎಲ್ಲಾರೂ ನೋಡ್ಲಿ."

ಚೀಲದಿಂದ ತೆಗೆದು ಮೇಜಿನ ಮೇಲಿಟ್ಟ. ಪ್ಲಾಸ್ಟಿಕ್ ಹೊದಿಕೆ ಹಾಕಿಸಿದ್ದ.

"ಇದ ಅಸಲ ಏನ್ರಿ?"

"ಮತ್ತೇನು? ಐವತ್ತೆಂಟರ ಇಸ್ವಿದು. ಅಂದಿನಿಂದ ನಮ್ಮ ಮನಿ ಬಿಟ್ಟು ಹೊರಗ ಹೋಗಿಲ್ಲ."

"ಯಾರೂ ಬಿಚ್ಚಿಲ್ಲ, ಹೊಲದಿಲ್ಲ?"

"ಮುಟ್ಟೇ ಇಲ್ಲಂತ. ನಿನ್ನ ಪುಸ್ತಕ ತಗಿ, ಹೊತ್ತಾತು."

ಗಂಟು ಬಿಚ್ಚಿದೆ. ಒಳಗಿದ್ದದ್ದು ನಮ್ಮವರ ಚಾಕು, ಒದ್ದೆ ಅರಿವೆ, ಬಿದಿರಿನ ಪಟ್ಟಿ. ಅವನ ಪುಸ್ತಕವನ್ನು ಎಳೆದುಕೊಂಡು, ಹೊದಿಕೆ ಕಿತ್ತು, ಬೆನ್ನಿನ ಎರಡೂ ಅಂಚಿಗೆ ಚಾಕು ಎಳೆದೆ. ಮೂವತ್ತೆಂಟು ವರ್ಷ ಮಾಡಿದ ಕೈ. ಅವನು ಏನು ಎಂದು ತಿಳಿಯುವುದರೊಳಗೆ ಎರಡು ಗೀರು ಮುಗಿದಿದ್ದವು.

"ಏ, ಏನ್ ಮಾಡಾಕ್ಹತ್ತೀಬೇ? ಹಿಡೀರಿ ಆಕೀನ."

ಎದ್ದು ಬಂದ. ಸುನಿತಾ ಮೇಡಂ ಮೇಜಿಗೆ ಅಡ್ಡ ನಿಂತರು. "ತಡೀರಿ ಸಾವ್ಕಾರ್ರ. ಹೆಂಗೂ ಕೊಯ್ದಾರ. ನೋಡೇಬಿಡೂಣು," ಎಂದರು.

ಒದ್ದೆ ಅರಿವೆ ಒತ್ತಿ ಹಿಡಿದೆ. ಇಪ್ಪತ್ತು ಎಣಿಸಿದೆ. ಮೈದಾ ಅಂಟು ನೀರು ಕುಡಿದರೆ ಬಿಡುತ್ತದೆ. ಬಿದಿರಿನ ಪಟ್ಟಿ ತೂರಿಸಿ ಬಟ್ಟೆ ಎಬ್ಬಿಸಿದೆ.

ಮೊದಲು ಕಂಡದ್ದು ಬಿಳಿ.

ಕಾವೇರಿ ಉಸಿರು ಎಳೆದುಕೊಂಡದ್ದು ಕೇಳಿಸಿತು. ಉಳವಪ್ಪ ನಿರಾಳವಾಗಿ ಹೋಗಿ ಕುರ್ಚಿಗೆ ಒರಗಿದ. ನಾನು ಕೈ ನಿಲ್ಲಿಸಲಿಲ್ಲ. ಎರಡು ಬೆರಳಿನಷ್ಟು ಬಿಳಿ ಹೋಯಿತು. ಅದು ಪತ್ರಿಕೆಯ ಅಂಚು. ಆಮೇಲೆ ಸಣ್ಣ ಅಕ್ಷರಗಳು. ಆಮೇಲೆ ಗುಲಾಬಿ ಬಣ್ಣ. ಗಾಂಧಿಯ ಕನ್ನಡಕದ ಒಂದು ಗಾಜು. ಅದರ ಕೆಳಗೆ ಎರಡು ಸಾವಿರ ರೂಪಾಯಿಯ ಹೊಸ ನೋಟು ಹೇಗಿದೆ ಎಂದು ಛಾಪಿಸಿದ್ದ ಸಾಲು. ಅವರು ಗದಗಿಗೆ ದಾರ ತರಲು ಹೋಗಿದ್ದ ವಾರದ ಪತ್ರಿಕೆ.

ಸಿದ್ದರಾಮ ಬಗ್ಗಿ ನೋಡಿದ.

"ಸಾವ್ಕಾರ್ರ, ನಿಮ್ಮ ಅಜ್ಜಾರ ಕಾಲಕ್ಕ ಗುಲಾಬಿ ನೋಟು ಬಂದಿತ್ತೇನ್ರಿ?"

ಹುಡುಗರು ನಕ್ಕರು. ಮಂಡಳಿಯ ಹಿರಿಯರಲ್ಲಿ ಒಬ್ಬರು ನಗು ತಡೆಯಲಾಗದೆ ಕೆಮ್ಮಿದರು. ಕಾವೇರಿ ಫೋಟೋ ತೆಗೆಯುತ್ತಲೇ ಇದ್ದಳು.

ಉಳವಪ್ಪನ ಮುಖ ಬೂದಿಯಾಗಿತ್ತು. ಆದರೂ ಬಾಯಿ ನಿಲ್ಲಲಿಲ್ಲ. "ಅಂದ್ರ ಇದನ್ನ ಮಾಡಿದವ ನಿನ್ನ ಗಂಡನ ಅಂತಾತಲ್ಲ."

"ಹೌದ್ರಿ. ಹೊಲದವರು ಅವರು. ಪಟ್ಟಿ ಹಚ್ಚಿದಾಕಿ ನಾನು. ಸುಳ್ಳ ಬರಸಿ ತಂದು ಕೊಟ್ಟವ ನೀನು. ಇನ್ನ ಕದ್ದವ ಯಾರು ಹೇಳು. ಇಲ್ಲದ ಪುಸ್ತಕ ಹೆಂಗ ಕದೀತಾರ?"

ಅವನಿಗೆ ನೀನು ಎಂದದ್ದು ಅದೇ ಮೊದಲು. ಬಹಳ ರುಚಿಯಾಗಿತ್ತು.

ಕಾವೇರಿ ಅಲ್ಲೇ ಕೂತು ವಿಶ್ವಕೋಶದಿಂದ ಉಳವಪ್ಪನ ಅಜ್ಜನ ಸಾಲನ್ನು ತೆಗೆದಳು. ಯಾಕೆ ತೆಗೆದೆ ಎಂದು ಫೋಟೋ ಸಮೇತ ಚರ್ಚೆಯ ಪುಟದಲ್ಲಿ ಬರೆದಳು. ವಾಚನಾಲಯವನ್ನು ಕಟ್ಟಿಸಿದವರು ಯಾರು ಎಂಬಲ್ಲಿ ಏನೂ ಉಳಿಯಲಿಲ್ಲ.

"ನಿಮ್ಮ ಕಾಕಾನ ಹೆಸರು ಹಾಕಾಕ ಬರತೈತೇನು?" ಎಂದು ಕೇಳಿದೆ.

"ಬರಂಗಿಲ್ಲ, ಕಾಕು."

"ರಹಮಾನಸಾಬಂದು?"

"ಕಾಗದ ಸಿಗೂತನಕ ಅದೂ ಇಲ್ಲ. ಹುಡಕಾಕ್ಹತ್ತೀನಿ."

ಅವರಿದ್ದರೂ ಅದನ್ನೇ ಹೇಳುತ್ತಿದ್ದರು. ಖಾಲಿಯೇ ಇರಲಿ. ಉಳವಪ್ಪನ ಅಜ್ಜನ ಹೆಸರಿಗಿಂತ ಖಾಲಿ ಚೆಂದ.

ಸುನಿತಾ ಮೇಡಂ ಬಂದು ನನ್ನ ಕೈ ಹಿಡಿದರು. "ಆವತ್ತು ನಾ ಮಾತಾಡಬೇಕಿತ್ತು. ತಪ್ಪಾತ್ರಿ," ಎಂದರು.

"ಆತು. ನಿಮ್ಮದು ಆಮ್ಯಾಲ ನೋಡೂಣು," ಎಂದೆ. ಇನ್ನೂ ನೋಡಿಲ್ಲ.

ಉಳವಪ್ಪ ಚೀಲ ಬಗಲಿಗೆ ಹಾಕಿಕೊಂಡು ಹೊರಟಿದ್ದ. ನಾನು ಅವನಿಗಿಂತ ಮೊದಲು ಗೇಟಿಗೆ ಹೋದೆ. ಹುಡುಗರೂ ಬಂದರು. ಅಲ್ಲಾಸಾಬ ಸ್ಟೂಲಿನಿಂದ ಎದ್ದ.

"ಅಲ್ಲಾಸಾಬಣ್ಣ, ಗ್ರಂಥಾಲಯದಾಗ ಕಳ್ಳ ಪುಸ್ತಕ ಸಿಕ್ಕೈತಿ," ಎಂದೆ. "ಹೊರಗ ಹೋಗೂ ಚೀಲ ನೋಡೂ ಪದ್ಧತಿ ಐತಲ್ಲ ಇಲ್ಲಿ?"

ಅವನು ನನ್ನನ್ನು ನೋಡಿದ. ಉಳವಪ್ಪನನ್ನು ನೋಡಿದ. ಹಿಂದೆ ಬರುತ್ತಿದ್ದ ಹಿರಿಯರನ್ನು ನೋಡಿದ. ಅವರು ಏನೂ ಅನ್ನಲಿಲ್ಲ.

"ಚೀಲ ತೋರ್ಸ್ರಿ ಸಾವ್ಕಾರ್ರ," ಎಂದ.

"ತಲಿ ಕೆಟ್ಟೈತೇನಲೇ ನಿನಗ?"

"ಪದ್ಧತಿ ಐತ್ರಿ. ನೀವ ಮಾಡಿದ್ದು."

ಬಿಸಿಲಿತ್ತು. ಹುಡುಗರು ಸಾಲಾಗಿ ನಿಂತಿದ್ದರು. ಉಳವಪ್ಪ ಚೀಲ ಇಳಿಸಿದ. ಅಲ್ಲಾಸಾಬ ಒಂದೊಂದಾಗಿ ತೆಗೆದು ಸ್ಟೂಲಿನ ಮೇಲೆ ಇಟ್ಟ. ಕನ್ನಡಕದ ಪೆಟ್ಟಿಗೆ. ಗುಳಿಗೆಯ ಚೀಟಿ. ಅಡಿಕೆಯ ಡಬ್ಬಿ. ಮಡಚಿದ ಅಂಗವಸ್ತ್ರ. ಅಂಗವಸ್ತ್ರವನ್ನೂ ಝಾಡಿಸಿ ನೋಡು ಎಂದೆ. ಝಾಡಿಸಿದ. ಕನ್ನಡಕದ ಪೆಟ್ಟಿಗೆಯನ್ನೂ ತೆರೆ ಎಂದೆ. ತೆರೆದ.

ಬುತ್ತಿ ತಂದಿರಲಿಲ್ಲ. ತಂದಿದ್ದರೆ ಅದನ್ನೂ ಬಿಚ್ಚಿಸುತ್ತಿದ್ದೆ.